ಬೆನ್ನ ಹಿಂದಿನ ಬೆರಳು

ಬೀದರಿನಲ್ಲಿ ನಿಂತು "ನಾನು ಜಾಝ್ ಬಾರಿಸುವವನು" ಎಂದು ಒಮ್ಮೆ ಹೇಳಿ ನೋಡಿ. ಎದುರಿಗಿದ್ದವನು ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಕನಿಕರದಿಂದ, "ಅದಕ್ಕ ದವಾ ಸಿಗ್ತದೇನ್ರಿ?" ಎಂದು ಕೇಳುತ್ತಾನೆ. ನನ್ನ ಮಾವನೇ ಕೇಳಿದ್ದ, ಅದೂ ಮಗಳನ್ನು ಕೊಟ್ಟಾದ ಮೇಲೆ. ಸಾಲದ್ದಕ್ಕೆ ನಾನು ಬಾರಿಸುವುದು ಬೇಸ್ ಗಿಟಾರ್. ಹಾಡುವವನಿಗೆ ಹಾರ ಬೀಳುತ್ತದೆ, ಡ್ರಮ್ಮಿನವನಿಗೆ ಸೀಟಿ ಬೀಳುತ್ತದೆ. ಬೇಸಿನವನು ಬಾರಿಸುವುದನ್ನು ನಿಲ್ಲಿಸಿದಾಗ ಮಾತ್ರ ಜನಕ್ಕೆ ಏನೋ ಕಡಿಮೆಯಾಯಿತು ಅನ್ನಿಸುತ್ತದೆ. ಏನು ಕಡಿಮೆಯಾಯಿತು ಎಂಬುದು ಆಗಲೂ ಗೊತ್ತಾಗುವುದಿಲ್ಲ.

ಹತ್ತು ವರ್ಷ ಇನ್ನೊಬ್ಬರ ಬೆನ್ನ ಹಿಂದೆ ನಿಂತು ಬಾರಿಸಿದೆ. ಆಮೇಲೆ ನಾನೇ ಲೀಡರ್ ಆದೆ. ಈಗ ಬೀದರಿನ ಒಂದು ಬಾಡಿಗೆ ಕೋಣೆಯಲ್ಲಿ ಕಲಿಸುತ್ತೇನೆ. ಇದರಲ್ಲಿ ಹೆಮ್ಮೆಪಡುವಂಥದ್ದೂ ಒಂದಿಷ್ಟು ಇದೆ, ಬೇಕಾದವರು ಅದನ್ನು ಹೇಳಿಕೊಳ್ಳಲಿ. ನಾನು ಹೇಳಬೇಕಾದದ್ದು ಭಾಲ್ಕಿಯ ಒಂದು ಮಧ್ಯಾಹ್ನದ ಮಾತು. ಅವತ್ತು ನಾನು ನನಗೆ ಕಲಿಸಿದ ಗುರುವಿಗೆ ತಪ್ಪು ಬೆರಳು ತೋರಿಸಿದೆ. ಕೈತಪ್ಪಿ ಅಲ್ಲ, ಬೇಕಂತಲೇ. ಅದು ಬೇಕಂತಲೇ ಮಾಡಿದ್ದು ಎಂದು ಅವರಿಗೆ ಗೊತ್ತಾಯಿತೋ ಇಲ್ಲವೋ? ಹದಿನಾಲ್ಕು ವರ್ಷ ಈ ಪ್ರಶ್ನೆ ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಅವರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಭಾಲ್ಕಿಯವರು. ಹರೆಯದಲ್ಲಿ ಹೈದರಾಬಾದಿಗೆ ಓಡಿಹೋಗಿ ಒಂದು ದೊಡ್ಡ ಹೋಟೆಲಿನ ಜಾಝ್ ಬ್ಯಾಂಡಿನಲ್ಲಿ ಆಳೆತ್ತರದ ಬೇಸನ್ನು ತಬ್ಬಿಕೊಂಡು ನಿಂತು ಬಾರಿಸಿದವರು. ಹೋಟೆಲಿನವರು ಬ್ಯಾಂಡು ನಿಲ್ಲಿಸಿ ಕ್ಯಾಸೆಟ್ಟು ಹಾಕತೊಡಗಿದಾಗ, ಆ ದೊಡ್ಡ ವಾದ್ಯ ಹೋಟೆಲಿನದೇ ಆದ್ದರಿಂದ ಅಲ್ಲೇ ಬಿಟ್ಟು, ಒಂದು ಹಳೆಯ ಬೇಸ್ ಗಿಟಾರ್ ಹೆಗಲಿಗೇರಿಸಿಕೊಂಡು ಊರಿಗೆ ಬಂದರು. ಬಂದು ಆರ್ಕೆಸ್ಟ್ರಾ ಕಟ್ಟಿದರು. ಮದುವೆ, ಜಯಂತಿ, ಕಾಲೇಜಿನ ಗ್ಯಾದರಿಂಗ್, ವಚನ ಗಾಯನ, ಕರೆದಲ್ಲಿಗೆ ಹೋಗುವ ಎಂಟು ಜನರ ಗುಂಪು.

ನಾನು ಸಾಯಗಾಂವಿನಿಂದ ಬಸ್ಸು ಹತ್ತಿ ಅವರ ಮನೆಗೆ ಹೋದಾಗ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮಾಸ್ತರ್ ನನ್ನ ಅಂಗೈ ಹಿಡಿದು ದನದ ಸಂತೆಯಲ್ಲಿ ಹಲ್ಲು ನೋಡಿದ ಹಾಗೆ ಬೆರಳುಗಳನ್ನು ಅಗಲಿಸಿ ನೋಡಿದರು.

"ಕೈ ಅದ. ತಲಿ ಇಲ್ಲ," ಅಂದರು. "ಇರ್ಲಿ. ತಲಿ ಆಮ್ಯಾಲ ಬಂದ್ರ ಬರ್ತದ."

ಅವರು ಕಲಿಸಿದ್ದು ಹೊಡೆದೇ. ಸ್ವರ ತಪ್ಪಿದರೆ ಡ್ರಮ್ಮಿನ ಕಡ್ಡಿಯಿಂದ ಬೆರಳ ಗೆಣ್ಣಿಗೆ ಏಟು. ಜಾಝಿನಲ್ಲಿ ಬೇಸು ನಡೆಯಬೇಕು, ತಾಳದ ಪ್ರತಿ ಪೆಟ್ಟಿಗೂ ಒಂದು ಸ್ವರ, ನಿಲ್ಲದೆ, ಅವಸರವಿಲ್ಲದೆ. ಅದನ್ನು ತಲೆಗೆ ಹತ್ತಿಸಲು ಭಾಲ್ಕಿ ಸ್ಟೇಶನ್ನಿನಿಂದ ಬಜಾರಿನವರೆಗೆ ನನ್ನನ್ನು ನಡೆಸಿದರು, ಹೆಜ್ಜೆಗೊಂದು ಸ್ವರ ಬಾಯಿಬಿಟ್ಟು ಹಾಡಿಸುತ್ತ. ಬೇಳೆ ಅಂಗಡಿಯವರು ಹೊರಗೆ ಬಂದು ನೋಡಿ ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅವರಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಒಂದು ಸಲ ವಚನ ಗಾಯನದಲ್ಲಿ ಅದೇ ನಡಿಗೆಯನ್ನು ಮೆಲ್ಲಗೆ ತೂರಿಸಿದರು. ವಿಭೂತಿ ಹಚ್ಚಿಕೊಂಡ ಒಬ್ಬ ಹಿರಿಯರು ಕಾರ್ಯಕ್ರಮ ಮುಗಿದ ಮೇಲೆ ಬಂದು, "ಮಾಸ್ತರ, ಇವತ್ತ ವಚನಕ್ಕ ಕಾಲು ಬಂದಂಗ ಆಯ್ತು ನೋಡ್ರಿ," ಎಂದು ಕೈಮುಗಿದರು. ಅಂಥ ಮಾತು ನನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಇನ್ನೊಂದು ಪಾಠ. ಗದ್ದಲದಲ್ಲಿ ಅವರು ಗಿಟಾರಿನ ಮೇಲ್ಗಡೆಯ ಕೊಂಬಿಗೆ ದವಡೆ ಒತ್ತಿ ಶ್ರುತಿ ನೋಡುತ್ತಿದ್ದರು. "ಬೇಸ್ ಕಿವಿಲೆ ಕೇಳೂದಲ್ಲೋ, ಎಲುಬಿಲೆ ಕೇಳೂದು," ಎನ್ನುತ್ತಿದ್ದರು.

ಈಗ ಬೆರಳಿನ ವಿಷಯ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಯಾರೂ ಬರೆದುಕೊಂಡು ಬಾರಿಸುವುದಿಲ್ಲ. ಒಂದೊಂದು ಗಂಟಲಿಗೆ ಒಂದೊಂದು ಪಟ್ಟಿ, ಅಂದರೆ ಹಾಡು ಯಾವ ಮನೆಯಿಂದ ಶುರುವಾಗಬೇಕು ಎಂಬುದು. ಲೀಡರ್ ಜನರತ್ತ ಮುಖ ಮಾಡಿ ನಗುತ್ತ ನಿಂತಿರುತ್ತಾನೆ. ಬೆನ್ನ ಹಿಂದೆ ಅವನ ಕೈ ನಮಗೆ ಪಟ್ಟಿ ಹೇಳುತ್ತಿರುತ್ತದೆ. ಒಂದು ಬೆರಳು ಬಿಚ್ಚಿದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಅಂದರೆ ಕಪ್ಪು ಒಂದು, ಎರಡು ಬಿಚ್ಚಿದರೆ ಕಪ್ಪು ಎರಡು, ಮಡಚಿದ ಬೆರಳು ತೋರಿಸಿದರೆ ಬಿಳಿ. ಹಿಂದೆ ನಿಂತವರ ಕಣ್ಣು ಆ ಕೈ ಬಿಟ್ಟು ಕದಲಬಾರದು. ಇದು ಮಾಸ್ತರರ ಕಾನೂನು.

ಆ ಕಾನೂನಿಗೆ ಒಂದು ಬಾಲವೂ ಇತ್ತು. ನಾನು ಬೇಸ್ ಹಿಡಿದ ಮೊದಲ ಕಾರ್ಯಕ್ರಮ ಔರಾದ್ ಕಡೆಯ ಡಾಬಕಾದಲ್ಲಿ. ಅವತ್ತು ಮಾಸ್ತರ್ ತಾವೇ ಮುಂದೆ ನಿಂತಿದ್ದರು. ಒಂದು ಹಾಡಿಗೆ ಅವರ ಬೆರಳು ತಪ್ಪಿತು. ನನಗೆ ಗೊತ್ತಾಯಿತು, ಆದರೂ ಹೆದರಿಕೊಂಡು ತಪ್ಪು ಪಟ್ಟಿಯಲ್ಲೇ ಬಾರಿಸಿದೆ. ಅರ್ಧ ನುಡಿ ಮುಗಿಯುವುದರೊಳಗೆ ಅವರು ಬೆರಳು ತಿದ್ದಿದರು. ಊಟಕ್ಕೆ ಕೂತಾಗ ಎಲ್ಲರ ಎದುರು ಹೇಳಿದರು: "ತಪ್ಪು ನಂದು. ಇಂವ ಬರೋಬರ್ ಮಾಡ್ದ. ಲೀಡರನ ಬೆರಳು ತಪ್ಪಿದ್ರೂ ಅದೇ ಪಟ್ಟಿ. ನೀ ಒಬ್ಬ ಶಾಣ್ಯಾ ಆಗಿ ಬರೋಬರ್ ಬಾರಿಸಿದ್ರ ಲೀಡರನ ಮಾನ ಹೋಗ್ತದ. ಕಾಯಬೇಕು. ಅಂವ ತಾನೇ ತಿಳಕೊಂಡು ಬೆರಳು ಬದಲಿಸ್ತಾನ." ಹೇಳಿ ತಮ್ಮ ತಟ್ಟೆಯ ಮಾಂಸದ ತುಂಡನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ತಿಂದೆ. ಉಂಡ ಮನೆಗೆ ಎರಡು ಬಗೆಯುವವನು ನಾನು ಎಂದು ಆ ತುಂಡಿಗೆ ಗೊತ್ತಿದ್ದಿದ್ದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ವರ್ಷಗಟ್ಟಲೆ ಡ್ರಮ್ಮಿನ ಪಕ್ಕ ನಿಂತು ಅವರ ಬಲಗಿವಿ ಹೋಯಿತು. ಒಂದು ದಿನ ತಾವಾಗಿಯೇ ಮೈಕು ನನ್ನ ಕೈಗೆ ಕೊಟ್ಟು, "ಇನ್ನ ನೀ ಮುಂದ ನಿಲ್ಲು, ನಾ ಹಿಂದ ಬೇಸ್ ಹಿಡೀತೇನಿ," ಅಂದರು. ನಾನು ಕೇಳಿರಲಿಲ್ಲ, ಅವರೇ ಕೊಟ್ಟಿದ್ದು. ಹಾಗೆ ಕೊಟ್ಟವರನ್ನು ದ್ವೇಷಿಸುವುದು ಎಷ್ಟು ಸುಲಭ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲಿ ಹೋದರೂ ಜನ ಮೊದಲು ಕೇಳುವ ಪ್ರಶ್ನೆ, "ಮಾಸ್ತರ್ ಬಂದಾರೇನ್ರಿ?" ನಾನು ಮುಂದೆ ನಿಂತು ಬೆವರು ಸುರಿಸಬೇಕು, ಹಾರ ಮಾತ್ರ ಹಿಂದಿನ ಸಾಲಿಗೆ ಹೋಗಬೇಕು. ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಧಗಧಗ ಉರಿಯಿತು. ಬ್ಯಾಂಡಿನ ಹುಡುಗರೂ ಗೊಣಗುತ್ತಿದ್ದರು. ಅವರಿಗೆ ಧಬಧಬ ಎನ್ನುವ ಸಿನಿಮಾ ಬೇಸು ಬೇಕು, ಮುದುಕ ನೋಡಿದರೆ ಪ್ರತಿ ಹಾಡಿನಲ್ಲೂ ನಡೆಯಲು ಹೊರಡುತ್ತಾನೆ. "ಮಾಸ್ತರಿಗೆ ಸಾಕ್ರಿ ಅಂತ ಹೇಳ್ರಿ," ಎಂದು ನನ್ನ ಬೆನ್ನು ಹತ್ತಿದರು. ಹೇಳುವ ಗಂಡಸುತನ ನನಗಿರಲಿಲ್ಲ. ನಾನು ಬೇರೆ ದಾರಿ ಹಿಡಿದೆ.

ಮಾಸ್ತರರ ಅಣ್ಣನ ಮಗಳ ಲಗ್ನ, ಭಾಲ್ಕಿ ಸ್ಟೇಶನ್ನಿನ ಸಮೀಪದ ಒಂದು ಹಾಲ್‌ನಲ್ಲಿ. ಬೌದ್ಧರ ಲಗ್ನ, ವಂದನೆ ಮುಗಿದು ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಬೇರೆ ಎಲ್ಲಾದರೂ ಮಾಡಬಹುದಿತ್ತು. ನಾನು ಅದೇ ಜಾಗ ಆರಿಸಿದೆ, ಯಾಕೆಂದರೆ ತನ್ನವರ ನಡುವೆ ಮಾನ ಹೋದವನು ಮತ್ತೆ ವಾದ್ಯ ಮುಟ್ಟುವುದಿಲ್ಲ. ಇಷ್ಟು ಲೆಕ್ಕ ಹಾಕುವ ತಲೆ ಅಷ್ಟರಲ್ಲಿ ನನಗೆ ಬಂದಿತ್ತು.

ಹಾಲ್‌ನ ಹಿಂದೆ, ಅನ್ನದ ಹಂಡೆಗಳ ಪಕ್ಕ, ಕೀಬೋರ್ಡಿನವನನ್ನೂ ಗಿಟಾರಿನವನನ್ನೂ ಕರೆದು ಹೇಳಿದೆ: "ಮದುಮಗಳನ್ನ ಕಳಿಸೋ ಹಾಡಿಗೆ ನನ್ನ ಬೆರಳು ನೋಡಬ್ಯಾಡ್ರಿ. ಕಪ್ಪು ಎರಡರಾಗೇ ಬಾರಿಸ್ರಿ."

"ಮತ್ತ ಮಾಸ್ತರಿಗೆ?" ಎಂದ ಗಿಟಾರಿನವನು.

"ಮಾಸ್ತರಿಗೆ ನಾ ಹೇಳ್ತೇನಿ."

ಅವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾರೂ ಬೇಡ ಅನ್ನಲಿಲ್ಲ.

ಆ ಹಾಡು ಮದುಮಗಳೇ ತನ್ನ ಕಾಕಾ ಮಾಸ್ತರರ ಕೈಯಿಂದ ಬೇಕು ಎಂದು ಕೇಳಿಕೊಂಡಿದ್ದು. ಮೂರು ನುಡಿ. ಹಾಡುವವಳು ಕಪ್ಪು ಎರಡಕ್ಕೆ ದನಿ ಎತ್ತಿದಳು. ನಾನು ಜನರಿಗೆ ನಗೆ ತೋರಿಸುತ್ತ ಬೆನ್ನ ಹಿಂದೆ ಒಂದೇ ಬೆರಳು ಬಿಚ್ಚಿದೆ. ಮಾಸ್ತರ್ ಕಪ್ಪು ಒಂದರಲ್ಲಿ ಬಾರಿಸತೊಡಗಿದರು.

ಮೇಲಿನ ಸ್ವರ ಒಂದು ತಪ್ಪಿದರೆ ಜನ ಮರೆಯುತ್ತಾರೆ. ತಳವೇ ಪಕ್ಕಕ್ಕೆ ಸರಿದು ನಿಂತರೆ ಇಡೀ ಹಾಡಿಗೆ ಹೊಟ್ಟೆ ನುಲಿ ಬಂದ ಹಾಗೆ ಕೇಳುತ್ತದೆ. ಬಡಿಸುವವರು ಸೌಟು ಹಿಡಿದು ತಿರುಗಿ ನೋಡಿದರು. ಹಿಂದಿನ ಪಂಕ್ತಿಯಿಂದ ಒಬ್ಬ ಹುಡುಗ ಕೂಗಿದ, "ಕಾಕಾ, ಪಲ್ಯಾ ಕೆಟ್ಟಿತ್ತೇನು?" ನಗೆ ಎದ್ದಿತು. ನಾನು ಒಂದು ಸಲ ತಿರುಗಿ ನೋಡಿದೆ. ಮಾಸ್ತರ್ ಕತ್ತು ಬಗ್ಗಿಸಿ ಗಿಟಾರಿನ ಕೊಂಬಿಗೆ ಮುಖ ಆನಿಸಿ ನಿಂತಿದ್ದರು. ಕಣ್ಣು ನನ್ನ ಕೈಯ ಮೇಲೆ. ಮುದುಕನಿಗೆ ಏನೂ ಕೇಳಿಸುತ್ತಿಲ್ಲ, ಬೆರಳೊಂದನ್ನೇ ನಂಬಿ ನಿಂತಿದ್ದಾನೆ, ಅಂದುಕೊಂಡೆ. ಇನ್ನೊಂದು ಬೆರಳು ಬಿಚ್ಚಿದ್ದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು. ಬಿಚ್ಚಲಿಲ್ಲ. ಎರಡನೇ ನುಡಿಯೂ ಹಾಗೇ ಹೋಯಿತು. ಮೂರನೆಯ ನುಡಿಯ ಹೊತ್ತಿಗೆ ಮದುಮಗಳು ತಲೆ ತಗ್ಗಿಸಿದ್ದಳು.

ಹಾಡು ಮುಗಿಯಿತು. ನಾನು ಅಷ್ಟಕ್ಕೇ ಬಿಡಬಹುದಿತ್ತು. ಮೈಕು ಬಾಯಿಗೆ ಹಿಡಿದು, "ಕ್ಷಮಿಸ್ರಿ, ನಮ್ಮ ಮಾಸ್ತರಿಗೆ ವಯಸ್ಸಾಯ್ತು. ಅವ್ರು ಭಾಲ್ಕ್ಯಾಗ ಕುಂತ್ರೂ ಅವ್ರ ಬೇಸ್ ಇನ್ನಾ ಹೈದರಾಬಾದಿನಾಗ ಅದ," ಎಂದೆ. ಹಾಲ್ ಹೋ ಎಂದು ನಕ್ಕಿತು. ಆ ಜೋಕು ನಾನು ಹಿಂದಿನ ದಿನವೇ ತಯಾರು ಮಾಡಿಟ್ಟುಕೊಂಡಿದ್ದೆ.

ಮಾಸ್ತರ್ ಮುಂದೆ ಬಂದರು. ಮೈಕು ಕೇಳಲಿಲ್ಲ. ತಮ್ಮವರತ್ತ ನೋಡಿ ಎರಡೂ ಕೈ ಜೋಡಿಸಿ, "ತಪ್ಪಾಯ್ತ್ರಿ. ನನಗ ಕಿವಿ ಕೇಳಂಗಿಲ್ಲ," ಅಂದರು. ಕೆಳಗೆ ಮುಂದಿನ ಸಾಲಿನಲ್ಲಿ ಅವರ ಹತ್ತು ವರ್ಷದ ಮಗಳು ತಟ್ಟೆ ಹಿಡಿದು ಕೂತಿದ್ದಳು. ಇಡೀ ಹಾಲ್‌ನಲ್ಲಿ ಅವಳೊಬ್ಬಳೇ ನಕ್ಕಿರಲಿಲ್ಲ.

ಅವತ್ತಿನಿಂದ ಅವರು ಬ್ಯಾಂಡಿಗೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಬಜಾರಿನಲ್ಲಿ, ಗೆಳೆಯನ ಬೇಳೆ ಅಂಗಡಿಯ ಬಾಗಿಲಲ್ಲಿ ಕೂತಿದ್ದವರು ಸಿಕ್ಕರು. "ಬ್ಯಾಂಡ್ ಹ್ಯಾಂಗ ನಡದದ?" ಎಂದು ಕೇಳಿದರು. "ಚೊಲೋ ನಡದದ್ರಿ," ಎಂದೆ. "ನಡೀಲಿ," ಅಂದರು. ಅಷ್ಟೇ. ಗೊತ್ತಿದ್ದರೆ ಹೀಗೆ ಕೇಳುತ್ತಿದ್ದರೇ? ಇವರಿಗೆ ಗೊತ್ತಿಲ್ಲ ಎಂದು ಆ ಹೊತ್ತಿಗೆ ಎದೆ ಹಗುರಾಯಿತು. ಹಗುರಾದ ಎದೆಯಲ್ಲಿ ಮುದುಕನ ಬಗ್ಗೆ ಒಂದಿಷ್ಟು ತಾತ್ಸಾರವೂ ಹುಟ್ಟಿತು. ಮೋಸ ಮಾಡಿದವರಿಗಿಂತ ಮೋಸ ಹೋದವರನ್ನು ಕಂಡರೇ ನಮಗೆ ಸಸಾರ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಬೇಗನೇ ಉಂಡೆ. ಊರೂರಿಗೆ ಡಿಜೆ ಬಂತು. ಎರಡು ದೊಡ್ಡ ಸ್ಪೀಕರು, ಒಬ್ಬ ಅರ್ಧ ಕುಡಿದ ಹುಡುಗ, ಇಷ್ಟು ಸೇರಿ ನನ್ನ ಎಂಟು ಜನರ ಬ್ಯಾಂಡನ್ನು ನುಂಗಿ ನೀರು ಕುಡಿದರು. ನನ್ನ ಜೊತೆ ನಕ್ಕಿದ್ದ ಗಿಟಾರಿನವನೇ ಮೊದಲು ಹೋದದ್ದು, ಆ ಡಿಜೆಯ ವಯರು ಸುತ್ತಲಿಕ್ಕೆ. ನಾನು ಬೀದರಿಗೆ ಬಂದು ಕ್ಲಾಸು ತೆಗೆದೆ. ಮಾಸ್ತರ್ ತೀರಿಕೊಂಡ ಸುದ್ದಿ ಬಂದಾಗ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಅವರ ಮುಖ ನೋಡಲಿಲ್ಲ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲಿದ್ದ ಹಳೆಯ ಗಿಟಾರಿನ ಚೀಲವನ್ನು ಮೊದಲು ಗುರುತು ಹಿಡಿದೆ, ಆಮೇಲೆ ಅವಳನ್ನು. ಮಾಸ್ತರರ ಮಗಳು. ಭಾಲ್ಕಿಯ ಒಂದು ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಚಿಕ್ಕವಳಿದ್ದಾಗ ನನ್ನನ್ನು ಕಾಕಾ ಎನ್ನುತ್ತಿದ್ದವಳು.

"ಬೇಸ್ ಕಲೀಬೇಕಾಗ್ಯದ್ರಿ ಸರ್," ಅಂದಳು.

ನಾನು ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಅವಳಿಗೆ ಕಲಿಸಿದರೆ ತಂದೆಗೆ ಮಾಡಿದ್ದು ತೊಳೆದುಹೋಗುತ್ತದೆ ಎಂದು ಒಂದು ಆಸೆ. ಆದರೆ ನಾಯಿ ಬಾಲ ಡೊಂಕು. ಅವಳು ಆ ಗಿಟಾರ್ ಎತ್ತಿಕೊಂಡರೆ ಸಾಕು, ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಬೇರೆಯವರ ತಪ್ಪಿಗೆ ಒಂದು ಮಾತು, ಅವಳ ತಪ್ಪಿಗೆ ಹತ್ತು. ಒಮ್ಮೆ ತುಂಬಿದ ಕ್ಲಾಸಿನಲ್ಲಿ, "ಅಪ್ಪನ ಕಿವಿ ನಿನಗೂ ಬಂದದೇನು?" ಎಂದುಬಿಟ್ಟೆ. ಎಲ್ಲರೂ ಅವಳನ್ನು ನೋಡಿದರು. ಅವಳು ಕೊಂಬಿಗೆ ದವಡೆ ಒತ್ತಿ, ತಂತಿ ಒಂದಿಷ್ಟು ಬಿಗಿದು, ಅದೇ ಸಾಲನ್ನು ಮತ್ತೆ ಬಾರಿಸಿದಳು. ಈ ಸಲ ತಪ್ಪಿರಲಿಲ್ಲ. ಪ್ರತಿ ಭಾನುವಾರ ಬಸ್ಸು ಹಿಡಿದು ಬಂದಳು, ಒಂದೂ ವಾರ ತಪ್ಪಿಸಲಿಲ್ಲ. ನಡಿಗೆ ಅವಳ ಕೈಗೆ ನನಗಿಂತ ಬೇಗ ಹತ್ತಿತು. ನನಗೆ ಅದೂ ಹೊಟ್ಟೆ ಉರಿಯೇ.

ಕಳೆದ ವರ್ಷ ಔರಾದಿನ ಒಂದು ಕಾಲೇಜಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಕರೆ ಬಂತು. ಬಹಳ ವರ್ಷಗಳ ಮೇಲೆ ಲೀಡರ್ ಆಗಿ ಮುಂದೆ ನಿಂತೆ. ಕೀಬೋರ್ಡು, ಡ್ರಮ್ಮು, ಬೇಸಿಗೆ ಅವಳು. ಅಲ್ಲಿನ ಒಬ್ಬ ಮೇಡಂ ಹಾಡಲು ಬಂದರು. ಅವರ ಪಟ್ಟಿ ಕಪ್ಪು ಎರಡು. ನಾನು ಬೆನ್ನ ಹಿಂದೆ ಒಂದು ಬೆರಳು ಬಿಚ್ಚಿದೆ. ಆಣೆ ಮಾಡಿ ಹೇಳುತ್ತೇನೆ, ಈ ಸಲ ಅದು ಬರೀ ತಪ್ಪು, ಗಾಬರಿಯ ತಪ್ಪು. ಕೀಬೋರ್ಡಿನವನು ವಿಧೇಯನಾಗಿ ಕಪ್ಪು ಒಂದು ಹಿಡಿದ. ಬೇಸ್ ಮಾತ್ರ ಕಪ್ಪು ಎರಡರಲ್ಲಿ ಗಟ್ಟಿಯಾಗಿ ನಡೆಯತೊಡಗಿತು. ಅವನೂ ಅದನ್ನು ಕೇಳಿ ಎರಡೇ ಪೆಟ್ಟಿನೊಳಗೆ ತಿದ್ದಿಕೊಂಡ. ಜನಕ್ಕೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಅವಳ ಕಣ್ಣು ನನ್ನ ಕೈಯ ಮೇಲೆ ಇರಲೇ ಇಲ್ಲ, ಹಾಡುವವರ ಗಂಟಲ ಮೇಲಿತ್ತು. ಎರಡು ವರ್ಷದಲ್ಲಿ ಅವಳು ಒಮ್ಮೆಯೂ ನನ್ನ ಬೆರಳು ನೋಡಿಲ್ಲ ಎಂದು ಆಗ ಹೊಳೆಯಿತು.

ಮಾನ ಉಳಿಸಿದವಳಿಗೆ ಕೈಮುಗಿಯಬೇಕಿತ್ತು. ನಾನು ಔರಾದಿನ ಬಸ್ ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಯ ಮುಂದೆ ಅವಳ ಮೇಲೆ ಹರಿಹಾಯ್ದೆ.

"ಬೆರಳು ಯಾಕ ನೋಡ್ಲಿಲ್ಲ?"

"ಬೆರಳು ತಪ್ಪಿತ್ತಲ್ರಿ ಸರ್."

"ತಪ್ಪಿದ್ರೂ ಲೀಡರನ ಬೆರಳೇ ಖರೆ! ಇದು ನನ್ನ ಮಾತಲ್ಲ, ನಿಮ್ಮಪ್ಪನ ಮಾತು. ಕಾಯಬೇಕು. ಲೀಡರ್ ತಾನೇ ಬದಲಿಸ್ತಾನ."

ಅವಳು ಚಹಾದ ಕಪ್ಪನ್ನು ಕಲ್ಲಿನ ಮೇಲಿಟ್ಟಳು. "ಅಪ್ಪ ಕಾಯ್ದ್ರಿ," ಅಂದಳು. ದನಿ ಎತ್ತಲಿಲ್ಲ. "ಅಕ್ಕನ ಲಗ್ನದಾಗ ಮೂರು ನುಡಿ ಕಾಯ್ದ. ಮೊದಲನೇ ಸಾಲಿಗೇ ಗೊತ್ತಾಗಿತ್ತಂತ. ಬಲಗಿವಿ ಒಂದೇ ಹೋಗಿತ್ರಿ, ಎಡಗಿವಿ ಬರೋಬರ್ ಇತ್ತು. ದವಡಿ ಹಚ್ಚಿ ಎರಡ ಸಲ ನೋಡಿದ್ನಂತ. ನೀವು ಹೊಳ್ಳಿ ನೋಡಿದ್ರಿ. ಈಗ ಬದಲಿಸ್ತಾನ, ಅಂತ ತಿಳಕೊಂಡ. ನೀವು ಬದಲಿಸ್ಲಿಲ್ಲ."

"ಮತ್ತ ಕಿವಿ ಕೇಳಂಗಿಲ್ಲ ಅಂತ ಅವ್ರೇ ಹೇಳಿದ್ರಲ್ಲ…"

"ಲೀಡರನ ಮಾನ ತೆಗೀಬಾರದಲ್ರಿ."

ಭಾಲ್ಕಿಯ ಬಸ್ಸು ಬಂದು ನಿಂತಿತು. ಅವಳು ಗಿಟಾರನ್ನು ಹೆಗಲಿಗೇರಿಸಿದಳು.

"ಎಲ್ಲಾ ಗೊತ್ತಿದ್ದೂ ನನ್ನ ಬಲ್ಲಿ ಯಾಕ ಬಂದಿ?" ಎಂದೆ. ಕೇಳಿದೆನೋ ಬೇಡಿದೆನೋ ತಿಳಿಯದು.

"ಅಪ್ಪನೇ ಹೇಳಿದ್ದ. 'ಅವನ ಕೈ ಚೊಲೋ ಅದ, ನಾನೇ ತಯಾರ ಮಾಡಿದ ಕೈ. ಕೈ ಕಲಿ. ಅವನ ಬೆರಳು ಮಾತ್ರ ನೋಡಬ್ಯಾಡ' ಅಂದಿದ್ದ." ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿದಳು. "ಕೈ ಕಲಿತೇನ್ರಿ ಕಾಕಾ. ಇನ್ನ ಬರಂಗಿಲ್ಲ."

ಬಸ್ಸು ಹೋಯಿತು. ನಾನು ಅಲ್ಲೇ ಕಲ್ಲಿನ ಮೇಲೆ, ಅವಳು ಕುಡಿಯದೆ ಬಿಟ್ಟ ಚಹಾದ ಪಕ್ಕ ಕೂತೆ. ಮೂರು ನುಡಿ ಅಂದರೆ ಎಷ್ಟು ಹೊತ್ತು ಎಂದು ತಿಳಿಯಬೇಕಾಗಿತ್ತು. ಆ ಮದುಮಗಳ ಹಾಡನ್ನು ಮೊದಲಿನಿಂದ, ಒಂದೂ ಸಾಲು ಬಿಡದೆ, ಕಾಲಿನಿಂದ ತಾಳ ಹಾಕುತ್ತ ಮನಸ್ಸಿನಲ್ಲೇ ಹಾಡತೊಡಗಿದೆ. ಹಾಡು ಮುಗಿಯುವುದರೊಳಗೆ ಬೀದರಿನ ಬಸ್ಸು ಬಂದು, ನಿಂತು, ಜನರನ್ನು ಹತ್ತಿಸಿಕೊಂಡು ಹೊರಟುಹೋಗಿತ್ತು.